ಅತ್ತೆಯ ಓದು, ತಾನೇ ಒದರುವ ವಿಡಿಯೊ

ನಮ್ಮ ಕೇಶ್ವಾಪುರದ ಮನೆಯಲ್ಲಿ ಬೆಳಗಿನ ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಮಾವ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದೇವರ ಕೋಣೆಯಲ್ಲಿ ಕೂತರೆಂದರೆ ಕುಕ್ಕರು ಕೂಡ ಹೆದರಿ ಸೀಟಿ ಹೊಡೆಯಬೇಕು. ರೈತರ ಹತ್ತಿ ಮಾರಿಕೊಡುವ ಅಡತಿ ಅಂಗಡಿಯಲ್ಲಿ ದಿನವಿಡೀ ಕೂಗಾಡುವ ಮನುಷ್ಯನಿಗೆ ಪೂಜೆಯ ಆ ಹೊತ್ತು ಮಾತ್ರ ಮೌನ ಬೇಕು. ಅಂಥ ಮೌನದ ನಡುವೆ ಒಂದು ಬೆಳಿಗ್ಗೆ ಪಡಸಾಲೆಯಿಂದ ಹೆಣ್ಣುದನಿಯೊಂದು, "ನಿಮ್ಮ ಹಲ್ಲಿನಲ್ಲಿ ಹುಳುಕು ಇದೆಯೇ?" ಎಂದು ಕಿರುಚಿತು.

ದೇವರ ಕೋಣೆಯಿಂದ ಕೆಮ್ಮು ಕೇಳಿಸಿತು. ಪೂಜೆಯಲ್ಲಿದ್ದಾಗ ಮಾವ ಮಾತಾಡುವುದಿಲ್ಲ, ಕೆಮ್ಮುತ್ತಾರೆ. ಆ ಕೆಮ್ಮಿನಲ್ಲಿ ಬೈಗುಳವೆಲ್ಲ ಇರುತ್ತದೆ.

ಕಿರುಚಿದ್ದು ಅತ್ತೆಯ ಲ್ಯಾಪ್‌ಟಾಪು. ಅದು ಮೊದಲು ನನ್ನ ಗಂಡನದು, ಹಳೆಯದಾಯಿತೆಂದು ಮೂಲೆ ಸೇರಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅತ್ತೆಗೆ ಪತ್ರಿಕೆಯ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಪತ್ರಿಕೆಯನ್ನು ಮುಖದ ಹತ್ತಿರ ತರುವುದು, ದೂರ ಒಯ್ಯುವುದು, ಕೊನೆಗೆ ಮಡಚಿ ಇಟ್ಟು ಸುಮ್ಮನೆ ಕಿಟಕಿ ನೋಡುವುದು. ನನಗೆ ಅದನ್ನು ನೋಡಲಾಗಲಿಲ್ಲ. ಈ ಹಳೆಯ ಯಂತ್ರವನ್ನು ಒರೆಸಿ, ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ, ಅಕ್ಷರಗಳನ್ನು ಅವರೆಕಾಳಿನಷ್ಟು ದೊಡ್ಡದು ಮಾಡಿ ಅವರ ಮುಂದಿಟ್ಟೆ. ಅತ್ತೆ ಓದಿದ ಓದು! ಜಿಲ್ಲೆಯ ಸುದ್ದಿ, ವಾಚಕರ ಪತ್ರ, ಟೆಂಡರ್ ಪ್ರಕಟಣೆ, ಯಾರದೋ ಮಗನಿಗೆ ಕನ್ಯೆ ಬೇಕಾಗಿದೆ ಎಂಬುದನ್ನೂ ಬಿಡಲಿಲ್ಲ. ಊಟದ ಹೊತ್ತಿಗೆ ನಮಗೆಲ್ಲ ಧಾರವಾಡ ಜಿಲ್ಲೆಯ ವರದಿ ಒಪ್ಪಿಸುತ್ತಿದ್ದರು. ಅವರು ಮನೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆದರೆ ಈಗಿನ ಸುದ್ದಿ ತಾಣಗಳ ಬುದ್ಧಿ ನಿಮಗೆ ಗೊತ್ತು. ಪುಟ ತೆರೆದರೆ ಸಾಕು, ಕೇಳದೆಯೇ ವಿಡಿಯೊ ಓಡುತ್ತದೆ. ಸುದ್ದಿ ಓದುತ್ತ ಕೆಳಗಿಳಿದರೆ ಅದೂ ಜೊತೆಗೇ ಇಳಿದು ಅಕ್ಷರದ ಮೇಲೆ ಕೂರುತ್ತದೆ. ಒಂದು ದಿನ ಹಲ್ಲುಪುಡಿ, ಮರುದಿನ ಯಾರೋ ನಾಯಕರ ಭಾಷಣ, ಅದರ ಮರುದಿನ ಲಗ್ನದ ಸೀರೆ. ದನಿ ಮುಚ್ಚಿಡೋಣವೆಂದರೆ ಬೆಳಗಾವಿಯಲ್ಲಿರುವ ಅತ್ತೆಯ ಮಗಳು ಅದೇ ಲ್ಯಾಪ್‌ಟಾಪಿನಲ್ಲಿ ಮುಖ ತೋರಿಸಿ ಮಾತಾಡುತ್ತಾಳೆ, ಅವಳಿಗಾಗಿ ಅತ್ತೆ ದನಿ ಮತ್ತೆ ತುದಿಗೇರಿಸುತ್ತಾರೆ. ಇಯರ್‌ಫೋನ್ ಕೊಟ್ಟರೆ, "ಕಿವ್ಯಾಗ ಜೀರುಂಡಿ ಹೊಕ್ಕಂಗಾಗ್ತೈತಿ" ಎಂದು ತೆಗೆದಿಟ್ಟರು.

ಕೆಮ್ಮು ದಿನದಿನಕ್ಕೆ ಏರಿತು. ಕೊನೆಗೊಂದು ದಿನ ಮಾವ ಪೂಜೆ ಮುಗಿಸಿ ಪಡಸಾಲೆಗೆ ಬಂದು ತೀರ್ಪು ಕೊಟ್ಟರು.

"ಸೋಮವಾರದೊಳಗ ಇದರ ಬಾಯಿ ಮುಚ್ಚಲಿಲ್ಲಂದ್ರ ಅಂಗಡಿಗೆ ಒಯ್ತೇನಿ. ಅಲ್ಲೆ ಬಿಲ್ ಮಾಡಾಕ ಒಂದು ಬೇಕಾಗೇತಿ. ಪೂಜಿ ಮಾಡೂ ಮನ್ಯಾಗ ಇದೇನ್ ಸಂತಿ?"

ಅತ್ತೆ, "ಆತ್ರಿ" ಎಂದರು. ಅಷ್ಟೇ. ಅವರು ಎಲ್ಲದಕ್ಕೂ "ಆತ್ರಿ" ಎನ್ನುವವರು. ಮೆಲ್ಲಗೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಧೂಳೇ ಇರಲಿಲ್ಲ.

ಸಿಟ್ಟು ಬಂದರೆ ನನಗೆ ಹುರುಪೂ ಬರುತ್ತದೆ, ಎರಡೂ ಒಂದೇ ಗಾಡಿಯ ಎತ್ತುಗಳು. ಧಾರವಾಡದ ಕೋಚಿಂಗ್ ಕೇಂದ್ರಗಳ ಗೈಡು ಪುಸ್ತಕಗಳನ್ನು ಮನೆಯಲ್ಲೇ ಕೂತು ಟೈಪು ಮಾಡಿಕೊಡುವವಳು ನಾನು. ಕಂಪ್ಯೂಟರಿನ ಬಗ್ಗೆ ಕೆಡಿಸುವಷ್ಟು ಗೊತ್ತು, ಸರಿಮಾಡುವಷ್ಟು ಗೊತ್ತೋ ಇಲ್ಲವೋ ಎಂಬುದು ಅಂದಿನವರೆಗೆ ಪರೀಕ್ಷೆಯಾಗಿರಲಿಲ್ಲ. ಗೈಡು ಪಕ್ಕಕ್ಕಿಟ್ಟು ಮಧ್ಯಾಹ್ನವೇ ಕೂತೆ.

ಬ್ರೌಸರಿಗೆ ಎಕ್ಸ್‌ಟೆನ್ಶನ್ ಎಂಬ ಸಣ್ಣ ಸಹಾಯಕ ತಂತ್ರಾಂಶಗಳನ್ನು ಸೇರಿಸಬಹುದು. ತಾನಾಗಿ ಓಡುವ ವಿಡಿಯೊಗಳನ್ನು ತಡೆಯುವುದಕ್ಕೇ ಒಂದು ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಬಹಳ ದಿನದಿಂದ ಛಲೋ ಕೆಲಸ ಮಾಡುತ್ತಿತ್ತು. ಅದನ್ನೇ ಅತ್ತೆಯ ಯಂತ್ರಕ್ಕೂ ಹಾಕಿ ಅವರು ಓದುವ ತಾಣಗಳನ್ನು ಒಂದೊಂದಾಗಿ ತೆರೆದೆ. ನಿಶ್ಶಬ್ದ! ಭಾಷಣದ ನಾಯಕರು ಬಾಯಿ ತೆರೆಯುವ ಮೊದಲೇ ಬೂದು ಚೌಕದ ಹಿಂದೆ ಸರಿದಿದ್ದರು. ನಾನು ಅಡುಗೆಮನೆಗೆ ಓಡಿ, "ಅತ್ತಿಯವ್ರ, ಗೆದ್ವಿ!" ಎಂದು ಅವರ ಹಿಟ್ಟಿನ ಕೈಯನ್ನೇ ಹಿಡಿದು ಕುಲುಕಿದೆ.

ಮರುದಿನ ಬೆಳಿಗ್ಗೆ ಪೂಜೆಯ ನಡುವೆ ಲಗ್ನದ ಸೀರೆ ಮತ್ತೆ ಹಾಡಿತು.

ಅದು ಹೇಗೆ? ಎಕ್ಸ್‌ಟೆನ್ಶನ್ ಇದ್ದಲ್ಲೇ ಇದೆ, ನಡೆಯುತ್ತಲೂ ಇದೆ. ಹಳೆಯ ಆವೃತ್ತಿಯಿರಬೇಕೆಂದು ಹೊಸದಕ್ಕೆ ಏರಿಸಿದೆ. ಬ್ರೌಸರನ್ನೂ ಏರಿಸಿದೆ. ಅದು ಕೂಡಿಟ್ಟಿದ್ದ ಹಳೆಯ ಕಡತಗಳ ಕಸವನ್ನೆಲ್ಲ ಅಳಿಸಿದೆ. ಅದರ ಮರುದಿನವೂ ಒದರಿತು. ಒಂದು ಸಾಲದೆಂದು ಅದೇ ಕೆಲಸದ ಇನ್ನೊಂದು ಎಕ್ಸ್‌ಟೆನ್ಶನ್ ತಂದು ಕೂರಿಸಿದರೆ ಎರಡೂ ಸವತಿಯರಂತೆ ಜಗಳಕ್ಕೆ ನಿಂತು ಪುಟವೇ ತೆರೆಯದಾಯಿತು. ಹೊಸದನ್ನು ಹೊರದಬ್ಬಿದೆ. ಹಳೆಯದನ್ನೂ ಪೂರ್ತಿ ಕಿತ್ತು ಮತ್ತೆ ಮೊದಲಿನಿಂದ ಹಾಕಿದೆ. ಮಧ್ಯಾಹ್ನ ಪರೀಕ್ಷಿಸಿದರೆ ಮೌನ! ಗೆದ್ದೆನೆಂದು ಮತ್ತೆ ಕುಣಿದೆ. ಬೆಳಿಗ್ಗೆ ಮತ್ತೆ ಹಲ್ಲುಪುಡಿ, ಮತ್ತೆ ಕೆಮ್ಮು.

ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ನಾನು ಆ ಎಕ್ಸ್‌ಟೆನ್ಶನ್ ಮಾಡಿದವನನ್ನು ಬಾಯಿತುಂಬ ಬೈದೆ. ನನ್ನ ಗಂಡ ಊಟ ಮಾಡುತ್ತ, "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ನಕ್ಕರು. ಅವರಿಗೆ ಆ ದಿನ ಎರಡನೆಯ ರೊಟ್ಟಿಗೆ ತುಪ್ಪ ಸಿಗಲಿಲ್ಲ.

ಆದರೂ, ಹೇಳಿಬಿಡುತ್ತೇನೆ, ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಬೇಳೆ ಕುದಿಯುವಾಗಲೂ ಅದೇ ಯೋಚನೆ. ಕೈಯಲ್ಲಿ ಸವತೆಕಾಯಿ, ತಲೆಯಲ್ಲಿ ಎಕ್ಸ್‌ಟೆನ್ಶನ್. ಅದೇ ತಂತ್ರಾಂಶ, ಅದೇ ತಾಣ, ಅದೇ ಮನೆಯ ವೈಫೈ. ನನ್ನ ಯಂತ್ರದಲ್ಲಿ ತಡೆಯುತ್ತದೆ, ಅತ್ತೆಯದರಲ್ಲಿ ತಡೆಯುವುದಿಲ್ಲ. ಅಲ್ಲ, ಅತ್ತೆಯ ಯಂತ್ರದಲ್ಲೂ ನಾನು ಕೂತಾಗ ತಡೆಯುತ್ತದೆ. ಸವತೆಕಾಯಿ ಕೈಯಿಂದ ಜಾರಿತು. ಮಧ್ಯಾಹ್ನ ಕೂರುವವಳು ನಾನು, ಬೆಳಿಗ್ಗೆ ಕೂರುವವರು ಅತ್ತೆ! ಯಂತ್ರದ್ದೇನೂ ತಪ್ಪಿಲ್ಲ. ಅತ್ತೆ ಕೂತಾಗ ಏನು ಆಗುತ್ತದೆ ಎಂಬುದನ್ನು ಇಷ್ಟು ದಿನ ನಾನು ನೋಡಿಯೇ ಇರಲಿಲ್ಲ.

ಸೋಮವಾರ ಹತ್ತಿರ ಬಂದಿತ್ತು. ಭಾನುವಾರ ಬೆಳಿಗ್ಗೆ ಎಕ್ಸ್‌ಟೆನ್ಶನನ್ನು ಮತ್ತೊಮ್ಮೆ ಕಿತ್ತು ಹೊಸದಾಗಿ ಹಾಕಿ, ಮೆಂತ್ಯೆಪಲ್ಲೆ ಬಿಡಿಸುವ ನೆಪದಲ್ಲಿ ಅತ್ತೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತೆ. ಮಾವ ಆಗಲೇ ದೇವರ ಕೋಣೆ ಸೇರಿದ್ದರು. ಅತ್ತೆ ಕನ್ನಡಕ ಏರಿಸಿ ಮೊದಲ ತಾಣ ತೆರೆದರು. ವಿಡಿಯೊ ಇರಬೇಕಾದಲ್ಲಿ ಬೂದು ಬಣ್ಣದ ಚೌಕ ಬಂತು. ತಡೆಯಿತು! ಚೌಕದ ಮೇಲೆ ಎಕ್ಸ್‌ಟೆನ್ಶನ್ ಒಂದು ಮಾತು ಕೇಳಿತ್ತು: "ವಿಡಿಯೊ ನಿಲ್ಲಿಸಲಾಗಿದೆ. ಈ ತಾಣಕ್ಕೆ ಅನುಮತಿ ನೀಡುವಿರಾ?" ಕೆಳಗೆ ಎರಡು ಗುಂಡಿ. ಒಂದರಲ್ಲಿ "ಸದಾ ನೀಡು", ಇನ್ನೊಂದರಲ್ಲಿ "ಬೇಡ". ನನ್ನ ಯಂತ್ರದಲ್ಲಿ ನಾನು ಆ ಪ್ರಶ್ನೆಯ ಕಡೆ ತಿರುಗಿಯೂ ನೋಡಿದವಳಲ್ಲ, ಉತ್ತರ ಕೊಡದಿದ್ದರೂ ನಡೆಯುತ್ತದೆ.

ಅತ್ತೆ ಓದಿದರು. ತಲೆಯಾಡಿಸಿದರು. ನೆಂಟರಿಗೆ ಮಣೆ ಹಾಕುವಷ್ಟೇ ಸಹಜವಾಗಿ "ಸದಾ ನೀಡು" ಒತ್ತಿದರು.

"ಸಿಕ್ತು!" ನಾನು ಕೂಗಿಯೇಬಿಟ್ಟೆ. ಮೆಂತ್ಯೆ ಮಡಿಲಿಂದ ಹಾರಿ ಪಡಸಾಲೆ ತುಂಬ ಚೆಲ್ಲಿತು. ಸೀರೆಯ ಹಾಡು ಒಂದು ಕಡೆ, ನನ್ನ ಕೂಗು ಒಂದು ಕಡೆ, ದೇವರ ಕೋಣೆಯಿಂದ ಅಂಥ ಕೆಮ್ಮು ಅದಕ್ಕೂ ಹಿಂದೆ ಕೇಳಿರಲಿಲ್ಲ. ಕೈಚಾಚಿ ದನಿ ಆರಿಸಿದೆ.

"ಅತ್ತಿಯವ್ರ, ಅದನ್ಯಾಕ ಒತ್ತಿದ್ರಿ?" ಪಿಸುಗುಟ್ಟಿ ಕೇಳಿದೆ.

"ಕೇಳಾಕತ್ತಿತ್ತಲ್ಲ ಯವ್ವಾ, ಅನುಮತಿ ಕೊಡ್ತೀರೇನು ಅಂತ? ದಿನಾ ಒಂದೊಂದು ಬಂದು ಕೇಳ್ತಾವು. ಬಾಗಲಿಗೆ ಬಂದು ಕೇಳಿದವ್ರಿಗೆ ಬ್ಯಾಡ ಅಂತ ಹೆಂಗ ಅನ್ನೂದು?"

ನನಗೆ ನಗು ಬಂತು. ಮರುಕ್ಷಣ ನಗು ನಿಂತಿತು. ಈ ಮನೆಯ ಬಾಗಿಲಿಗೆ ಬಂದ ಜಂಗಮರು ಬರಿ ಜೋಳಿಗೆ ಹೊತ್ತು ಹೋಗಿದ್ದಿಲ್ಲ. ಕಮರಿಪೇಟೆಯ ಹಳೆಯ ಮನೆಯಲ್ಲಿದ್ದಾಗ ಹೊತ್ತಲ್ಲದ ಹೊತ್ತಿಗೆ ಬಂದ ಅಡತಿಯ ರೈತರಿಗೂ ಅತ್ತೆ ಒಲೆ ಹೊತ್ತಿಸಿ ರೊಟ್ಟಿ ಬಡಿದವರೇ. ಫಿನೈಲು ಮಾರುವವನಿಗೂ ಅವರು "ಮುಂದ ಹೋಗಪ್ಪಾ" ಅನ್ನುವುದಿಲ್ಲ. ನಮ್ಮ ಮನೆಯಲ್ಲಿರುವಷ್ಟು ಫಿನೈಲು ಊರಿನ ಯಾವ ಆಸ್ಪತ್ರೆಯಲ್ಲೂ ಇರಲಿಕ್ಕಿಲ್ಲ. ದಾಸೋಹದ ಮನೆಯ ಸೊಸೆಯಾಗಿ ಕೊಡುವುದನ್ನಷ್ಟೇ ಕಲಿತ ಕೈ ಅದು. ಪರದೆಯ ಮೇಲೆ ಬಂದು ಬೇಡಿದ್ದನ್ನೂ ಬರಿಗೈಯಲ್ಲಿ ಕಳಿಸಿರಲಿಲ್ಲ.

"ಇವು ಹಸಿದು ಬಂದವಲ್ರಿ," ಎಂದೆ. "ಹೊಟ್ಟಿ ತುಂಬಿ ಬಂದವು. ನೀವು ಹೂಂ ಅಂದ್ರ ಪಡಸಾಲ್ಯಾಗ ಕುಂತು ಒದರ್ತಾವು, ನಿಮಗ ಓದಾಕ ಬಿಡೂದಿಲ್ಲ. ನಾಳೆ ಮಾವನವ್ರು ಇದನ್ನ ಅಂಗಡಿಗೆ ಒಯ್ತಾರು. ಆಮ್ಯಾಲ?"

ಅನುಮತಿ ಪಡೆದಿದ್ದ ತಾಣವನ್ನು ಎಕ್ಸ್‌ಟೆನ್ಶನಿನ ಒಳಹೊಕ್ಕು ತೆಗೆದುಹಾಕಿ ಪುಟವನ್ನು ಮತ್ತೆ ತೆರೆದೆ. ಬೂದು ಚೌಕ ಮತ್ತೆ ಬಂತು, ಪ್ರಶ್ನೆಯೂ ಬಂತು. "ಬೇಡ" ಗುಂಡಿಯನ್ನು ನಾನೇ ಒತ್ತಿಬಿಡಬಹುದಿತ್ತು, ಕೈ ತುರಿಸುತ್ತಲೂ ಇತ್ತು. ಆದರೆ ನಾಳೆ ಇನ್ನೊಂದು ತಾಣ ಬರುತ್ತದೆ, ನಾಡಿದ್ದು ಮತ್ತೊಂದು. ಬೆಳಿಗ್ಗೆ ಇಲ್ಲಿ ಕೂರುವವಳು ನಾನಲ್ಲ. ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತೆ.

ಅತ್ತೆಯ ಬೆರಳು "ಬೇಡ"ದ ಹತ್ತಿರ ಹೋಯಿತು, ನಿಂತಿತು, ಹಿಂದೆ ಬಂತು.

"ಅವ್ರಿಗೆ ಬ್ಯಾಸರಾಗೂದಿಲ್ಲೇನ?"

"ಅಲ್ಲೆ ಯಾರೂ ಇಲ್ರಿ."

"ಯಾರೂ ಇಲ್ಲಂದ್ರ ಕೇಳಾಕತ್ತವರು ಯಾರು?"

ಅತ್ತೆ ಸೆರಗು ಸರಿಮಾಡಿಕೊಂಡರು, ಪರದೆಯ ಕಡೆ ಒಮ್ಮೆ ಮನ್ನಿಸಿ ಎಂಬಂತೆ ನೋಡಿದರು, ಒತ್ತಿದರು.

ಚೌಕ ಸದ್ದಿಲ್ಲದೆ ಮಾಯವಾಯಿತು. ಆ ಜಾಗದಲ್ಲಿ ಸುದ್ದಿ ಮೇಲಕ್ಕೆ ಸರಿದು ಬಂತು. ದೊಡ್ಡ ದೊಡ್ಡ ಕರಿ ಅಕ್ಷರ, ಅದರ ಮೇಲೆ ಕೂರುವವರು ಯಾರೂ ಇಲ್ಲ. ಯಾರೂ ಬೈಯಲಿಲ್ಲ, ಯಾರೂ ಮುನಿಸಿಕೊಂಡು ಹೋಗಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಮಾವಿನಕಾಯಿ ಕದ್ದ ಹುಡುಗಿಯ ಕಳೆ.

"ಇಷ್ಟ ಏನ?"

"ಇಷ್ಟರಿ!"

"ಇನ್ನೊಂದು ತಗಿ, ನೋಡೂಣು."

ಇನ್ನೊಂದು ತೆಗೆದೆ. ಬೇಡ. ಮತ್ತೊಂದು. ಬೇಡ! ಒಂದು ತಾಣ ನಿಮ್ಮ ಊರಿನ ಹವಾಮಾನ ತಿಳಿಸಲೇ ಎಂದಿತು, ಇನ್ನೊಂದು ದಿನಕ್ಕೊಂದು ಸುದ್ದಿ ಕಳಿಸಲೇ ಎಂದಿತು. ಅತ್ತೆ ಓದಿದರು, ತೂಗಿದರು, ಬೇಡ ಎಂದರು. ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು, ಹೊಟ್ಟೆ ನೋಯುತ್ತಿತ್ತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. ಯಾವ ಪರೀಕ್ಷೆ ಪಾಸಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಪೂಜೆ ಮುಗಿಸಿ ಮಾವ ಹೊರಗೆ ಬಂದರು. ಪಡಸಾಲೆಯ ತುಂಬ ಮೆಂತ್ಯೆ, ನಡುವೆ ನಾವಿಬ್ಬರು. ಅವರು ನಮ್ಮನ್ನು ನೋಡಿದರು, ಲ್ಯಾಪ್‌ಟಾಪು ನೋಡಿದರು.

"ಇದನ್ನ ನಾಳೆ ಅಂಗಡಿಗೆ ಒಯ್ತೇನಿ. ಅಲ್ಲೆ ಎಲ್ಲಾರಿಗೂ ಹೇಳಿಬಿಟ್ಟೇನಿ."

ನಾನು ಬಾಯಿ ತೆರೆದೆ. ಎಕ್ಸ್‌ಟೆನ್ಶನ್, ಅನುಮತಿ, ಗುಂಡಿ ಎಲ್ಲವೂ ನಾಲಗೆಯ ತುದಿಗೆ ನುಗ್ಗಿ ಬಂದಿದ್ದವು. ಅಷ್ಟರಲ್ಲಿ ಅತ್ತೆ ಪರದೆಯಿಂದ ಕಣ್ಣು ಎತ್ತದೆಯೇ ಅಂದರು:

"ಬ್ಯಾಡ್ರಿ."

"ಏನಂದಿ?"

"ಒಯ್ಯಬ್ಯಾಡ್ರಿ. ಇದು ಇನ್ನ ಒದರೂದಿಲ್ಲ. ಮತ್ತ ನನಗ ಓದಾಕ ಬೇಕು."

ದನಿಯಲ್ಲಿ ಸಿಟ್ಟಿರಲಿಲ್ಲ. ಹವಾಮಾನದವರಿಗೆ ಹೇಳಿದಷ್ಟೇ ಮೆತ್ತಗೆ ಹೇಳಿದ್ದರು. ಮಾವ ಹಾಗೆಯೇ ನಿಂತರು. ಕೆಮ್ಮಲೂ ಇಲ್ಲ.

"ಆತು," ಎಂದರು ಕೊನೆಗೆ. ಆಮೇಲೆ, "ಚಹಾ?" ಎಂದರು.

"ಈ ಸುದ್ದಿ ಮುಗಿಸಿ ಬರ್ತೇನಿ. ಅವಸರ ಇದ್ರ ನೀವ ಇಡ್ರಿ."

ಮಾವ ಅಡುಗೆಮನೆಯ ಕಡೆ ನಡೆದರು. ಪಾತ್ರೆ ಸದ್ದು ಮಾಡಿತು, ಒಂದು ಡಬ್ಬಿ ತೆರೆಯಿತು, ಇನ್ನೊಂದು ತೆರೆಯಿತು. ಆಮೇಲೆ ದನಿ ಬಂತು. "ಸಕ್ಕರಿ ಎಲ್ಲೈತಿ?"

ನಾನು ರೂಢಿಯಂತೆ ಏಳಲು ಹೋದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು.

"ಕುಂದ್ರು ಯವ್ವಾ," ಎಂದರು, ಮುಂದಿನ ಸುದ್ದಿಗೆ ಸರಿಯುತ್ತ. "ಹುಡುಕಿದ್ರ ಸಿಗತೈತಿ."