ನೇರಳೆ ನಾಲಿಗೆ

ಇವತ್ತು ಡಾಕ್ಟರು "ನಾಲಿಗೆ ಚಾಚಿ ಅಜ್ಜಿ" ಎಂದರು. ನಾನು ಚಾಚಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಒಮ್ಮೆ ಚಾಚಿದ್ದು ನೆನಪಾಯಿತು.

ಲೀಲಕ್ಕ ನಮ್ಮ ಪಕ್ಕದ ಮನೆಯ ನರ್ಸು. ಅವಳಿಗೂ ಶಿಡ್ಲಘಟ್ಟದ ದೇವಪ್ರಸಾದ ಮೇಷ್ಟ್ರಿಗೂ ಪ್ರೀತಿ. ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಜೋಡಿಯ ಹೆಸರು ಓದಿ, ಯಾರಿಗಾದರೂ ಅಭ್ಯಂತರವಿದೆಯೇ ಎಂದು ಪಾದ್ರಿಗಳು ಕೇಳುತ್ತಿದ್ದರು. ಎರಡು ಭಾನುವಾರ ಯಾರೂ ಉಸಿರೆತ್ತಲಿಲ್ಲ. ಅಷ್ಟು ಗಂಭೀರವಾದ ಪ್ರಶ್ನೆಗೆ ಉತ್ತರವೇ ಸಿಗದಿರುವುದು ಇಡೀ ಸಭೆಗೆ ಅವಮಾನವೆಂದು ಹತ್ತು ವರ್ಷದ ನನಗೆ ತೋರಿತು. ಮೂರನೆಯ ಭಾನುವಾರ ಒದ್ದೆಯಾದರೆ ಶಾಯಿಯಂತೆ ಬಣ್ಣ ಬಿಡುವ ಅಪ್ಪನ ನೇರಳೆ ಪೆನ್ಸಿಲನ್ನು ನಾಲಿಗೆಗೆ ಒತ್ತಿ ಒತ್ತಿ, "ಮೇಷ್ಟ್ರಿಗೆ ಚಿಂತಾಮಣಿಯಲ್ಲಿ ಹೆಂಡತಿ ಇದ್ದಾಳೆ" ಎಂದು ಬರೆದು ಕಾಣಿಕೆ ಚೀಲಕ್ಕೆ ಹಾಕಿದೆ.

ಪಾದ್ರಿಗಳು ನೇರಳೆ ಅಕ್ಷರದ ಚೀಟಿಯನ್ನು ಎಲ್ಲರೆದುರು ಎತ್ತಿ ಹಿಡಿದು ಗಟ್ಟಿಯಾಗಿ ಓದಿಬಿಟ್ಟರು. ಅವತ್ತು ಚರ್ಚಿಗೆ ಬಂದಿದ್ದ ಮೇಷ್ಟ್ರು ನಗುತ್ತಲೇ ಲೀಲಕ್ಕನ ಕಡೆ ತಿರುಗಿದರು.

"ನೀನು ನಂಬ್ತೀಯಾ ಲೀಲಾ?"

ಲೀಲಕ್ಕ ತಲೆ ತಗ್ಗಿಸಿದಳು. "ಒಂದ್ಸಲ ವಿಚಾರಿಸಿ ನೋಡಣ ಅಂತ..."

ಮೇಷ್ಟ್ರ ನಗು ನಿಂತಿತು. ಬೆಂಚಿನ ಮೇಲಿದ್ದ ಟೋಪಿ ಎತ್ತಿಕೊಂಡು ಹೊರಟವರು ಮತ್ತೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಭಯಕ್ಕೆ ನನ್ನ ಮೈ ಬಿಸಿಯಾಗಿತ್ತು. ಅಮ್ಮ ಕರೆದೊಯ್ದದ್ದು ಲೀಲಕ್ಕನ ಹತ್ತಿರವೇ.

"ನಾಲಿಗೆ ಚಾಚಮ್ಮ."

ಚಾಚಿದೆ. ಅವಳು ಬಹಳ ಹೊತ್ತು ನೋಡಿದಳು.

"ಏನು ಕಾಯ್ಲೆ ಲೀಲಾ?" ಅಮ್ಮ ಕೇಳಿದಳು.

"ಏನೂ ಇಲ್ಲಕ್ಕ." ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಬರ್ದಿದ್ದು ನೀನು, ನಂಬಿದ್ದು ನಾನು ಕಣೇ. ಬಾಯಿ ಮುಚ್ಕೋ" ಎಂದಳು.

ಮುಚ್ಚಿಕೊಂಡೆ. ಅವಳು ಒಂಟಿಯಾಗಿಯೇ ಮುದುಕಿಯಾಗಿ ಸತ್ತಾಗಲೂ ತೆರೆಯಲಿಲ್ಲ.

"ಯಾಕಜ್ಜಿ, ನಾಚ್ಕೆನಾ?" ಎಂದು ಡಾಕ್ಟರು ನಗುತ್ತಿದ್ದಾರೆ.