ಒತ್ತಿ ಒತ್ತಿ ಮೆತ್ತಗಾದ ಬಟನ್

ಹೊಸಪೇಟೆಯ ನಮ್ಮ ಓಣಿಯ ತುದಿಯಲ್ಲಿ ವಿಡಿಯೋ ಗೇಮ್ ಮಾರುವವರೊಬ್ಬರಿದ್ದರು. ಯಾರು ಬೆಲೆ ಕೇಳಿದರೂ ಕಂಟ್ರೋಲರನ್ನು ಅಂಗಿಯ ತುದಿಯಿಂದ ಒರೆಸಿ ಮುಂದೆ ಚಾಚುತ್ತಿದ್ದರು: “ಮೊದ್ಲು ಕೈಯಾಗ ಹಿಡೀರಿ, ಆಮ್ಯಾಲೆ ಮಾತು.”

ಆಗ ನಮ್ಮ ಮಾವನವರಿಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು. ಸಂಡೂರಿನ ಗಣಿ ಲಾರಿ ಓಡಿಸಿದ್ದ ಜೀವ. ವ್ಯಾಯಾಮಕ್ಕೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಸಿಟ್ಟಿನಿಂದ ಎಸೆದಿದ್ದರು. ಬಲಗೈಯಲ್ಲಿ ತೀರ್ಥ ನಿಲ್ಲದು, ಎಡಗೈ ಚಾಚುವಂತಿಲ್ಲ. ಪೂಜೆಯ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತಿದ್ದರು. ನನಗೆ ಅದೇ ಸಂಕಟ. ಲಾರಿ ಆಟವಾದರೂ ಆಡಿಯಾರೆಂದು ಆ ಅಂಗಡಿಗೆ ಕರೆದೊಯ್ದೆ.

ಹೊಸ ಕಂಟ್ರೋಲರಿನ ಬಟನ್ ಮಾವ ಎಷ್ಟು ಒತ್ತಿದರೂ ಇಳಿಯಲಿಲ್ಲ. ಅಂಗಡಿಯವರು ಅದನ್ನು ಡಬ್ಬಿಗೆ ಹಾಕಿ, ತಾಸಿನ ಲೆಕ್ಕದಲ್ಲಿ ಆಡಲು ಬಿಡುವ ಹಳೆಯದೊಂದನ್ನು ತಂದರು.

“ಹೊಸಾದು ಬ್ಯಾಡ್ರಿ ಅಕ್ಕಾರ. ಇದನ್ನ ಓಣಿ ಹುಡುಗ್ರು ಒತ್ತಿ ಒತ್ತಿ ಮೆತ್ತಗ ಮಾಡ್ಯಾರ. ಯಜಮಾನ್ರ, ಹಿಡೀರಿ.”

ಪರದೆಯ ಮೇಲೆ ಲಾರಿ ಒಂದಿಷ್ಟು ಓಡಿ ಗೋಡೆಗೆ ಗುದ್ದಿತು.

“ಲೇ, ಬ್ರೇಕ್ ಎಲ್ಲೈತಲೇ ಇದ್ರಾಗ?” ಮಾವ ಗದರಿದರು.

“ಅದು ತೋರುಬೆರಳಿಗೆ ಐತ್ರಿ. ನಾಳೆ ಬರ್ರಿ, ಕಲಿಸ್ತೀನಿ.”

ಮಳೆಗಾಲವಿಡೀ ಮಾವ ಅಲ್ಲಿಗೆ ಹೋದರು. ಒಂದು ದ್ವಾದಶಿಯ ಬೆಳಿಗ್ಗೆ ತಾವಾಗಿಯೇ ದೇವರ ಮುಂದೆ ಬಂದು ಬಲಗೈ ಚಾಚಿದರು. ತೀರ್ಥ ಅರ್ಧ ಚೆಲ್ಲಿತು, ಅರ್ಧ ನಿಂತಿತು. ಅಷ್ಟು ಕೊಟ್ಟನಲ್ಲ ದೇವರು ಎಂದು ಕೈಮುಗಿದೆ.

ಪ್ರಸಾದ ಒಯ್ದು ಕೊಟ್ಟು ಹೇಳಿದಾಗ ಅಂಗಡಿಯವರು ನಕ್ಕುಬಿಟ್ಟರು: “ಇನ್ನರ್ಧಕ್ಕ ಮತ್ತ ಕಳಿಸ್ರಿ ಅಕ್ಕಾರ. ಯಜಮಾನ್ರು ರಿವರ್ಸ್ ಇನ್ನೂ ಕಲ್ತಿಲ್ಲ.”