ಕ್ಷಮೆ ಕೇಳುತ್ತಿದ್ದ ರೋಸಮ್ಮ ಟೀಚರ್

ಶುಕ್ರವಾರ ಸಂಜೆಯಾಯಿತೆಂದರೆ ರೋಸಮ್ಮ ಟೀಚರಿಗೆ ಪಾಪಗಳ ಕೊರತೆ ಬೀಳುತ್ತಿತ್ತು. ಮರುದಿನ ಹರಿಹರದ ಚರ್ಚಿಗೆ ಹೋಗಿ ಫಾದರ್ ಮುಂದೆ ಪಾಪನಿವೇದನೆ ಮಾಡಬೇಕು. ವಾರದ್ದೆಲ್ಲ ಸೇರಿಸಿದರೂ ಎರಡೋ ಮೂರೋ. ಆಗ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಕಾಂಪೌಂಡಿನಾಚೆ, ಪಕ್ಕದ ಮನೆಯ ಅಂಗಳದಲ್ಲಿ, ಅವರ ಬೆಳ್ಳನೆಯ ತಲೆ ಕಾಣಿಸುತ್ತಿತ್ತು.

"ಗೀತಾ, ಈ ವಾರ ನಿನಗೇನಾರ ಬೈದಿದ್ನೇನೆ? ನೆನಪು ಮಾಡ್ಕೊಂಡು ಹೇಳು."

ನಾನು ಏನಾದರೊಂದು ಹುಡುಕಿ ಹೇಳಿದರೆ ಅಲ್ಲೇ ಕೈಮುಗಿದು ಕ್ಷಮೆ ಕೇಳಿ, ಹಗುರಾಗಿ ಒಳಗೆ ಹೋಗುವರು. ಶಾಮನೂರಿನಿಂದ ಗಾಡಿ ತಳ್ಳಿಕೊಂಡು ಬರುವ ತರಕಾರಿಯವನನ್ನೂ ಬಿಟ್ಟವರಲ್ಲ. ಅವನ ಟೊಮೆಟೊ ಹಿಚುಕಿ ನೋಡಿ, ಕೊಳ್ಳದೆ ಕಳಿಸಿದ್ದು ಮನಸ್ಸಿಗೆ ಚುಚ್ಚಿ, ಮೂರು ಬೀದಿ ದಾಟಿ ಅವನನ್ನು ಹಿಡಿದು ತಪ್ಪಾಯಿತೆಂದರು. ಅದರ ಬದಲು ಒಂದು ಕೆಜಿ ತಗೊಂಡಿದ್ದರೆ ಸಾಕಿತ್ತು ಎಂದು ಅವನು ಗೊಣಗಿದನಂತೆ. ಹಣೆ ತುಂಬ ವಿಭೂತಿ ಹಚ್ಚುವ ನಮ್ಮವ್ವನಿಗೆ ಇದೆಲ್ಲ ವಿಚಿತ್ರ. "ನಮ್ಮಾಗೆ ಇಷ್ಟೆಲ್ಲ ಇಲ್ರಿ ಟೀಚರ್ರೆ. ತಪ್ಪು ಮಾಡಿದ್ರೆ ಎರಡು ದಿನ ಮುಖ ತೋರ್ಸಂಗಿಲ್ಲ, ಅಷ್ಟೆ" ಎನ್ನುತ್ತಿದ್ದಳು.

ಈ ಸ್ವಭಾವದ ಮೊದಲ ಪರಿಚಯ ನನಗಾದದ್ದು ಆರನೇ ತರಗತಿಯಲ್ಲಿ. ಕಾಪಿ ಹೊಡೆದೆನೆಂದು ಟೀಚರ್ ನನ್ನ ಕೆನ್ನೆಗೆ ಬಾರಿಸಿದರು. ಕಾಪಿ ಹೊಡೆದವಳು ನಾನಲ್ಲ, ಪಕ್ಕದವಳು. ಅದು ಗೊತ್ತಾದ ಮರುದಿನ ನನ್ನನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, ಇಡೀ ತರಗತಿಗೆ ಕೇಳುವಂತೆ ಕ್ಷಮೆ ಕೇಳಿದರು. ನನಗೆ ನಾಚಿಕೆಯಿಂದ ಅಳು ಬಂತು. ಅವರು ಬಿಡಲಿಲ್ಲ. "ಈಗ ಕ್ಷಮಿಸೀನಿ ಅಂತ ಹೇಳು. ಜೋರಾಗಿ. ಕೊನೇ ಬೆಂಚಿಗೂ ಕೇಳ್ಬೇಕು" ಎಂದರು. ನಾನು ಕಿರುಚಿದೆ. ಪೆಟ್ಟು ಎಂದೋ ಮರೆತುಹೋಗುತ್ತಿತ್ತು. ಆ ಕಿರುಚಾಟ ಮರೆತಿಲ್ಲ.

ದಾವಣಗೆರೆಯಲ್ಲೇ ಚರ್ಚಿರುವಾಗ ಹರಿಹರಕ್ಕೇಕೆ ಹೋಗಬೇಕೆಂದು ಒಮ್ಮೆ ಕೇಳಿದ್ದೆ. ಇಲ್ಲಿಯ ಫಾದರ್ ತಮ್ಮ ಹಳೆಯ ವಿದ್ಯಾರ್ಥಿ, ಅವನೆದುರು ಪಾಪ ಹೇಳಿಕೊಂಡರೆ ಆಮೇಲೆ ಅವನ ಕಿವಿ ಹಿಂಡುವುದು ಕಷ್ಟ ಎಂದರು. ನಾನು ಸ್ಕೂಟರ್ ಕೊಂಡ ಮೇಲೆ ಶನಿವಾರಗಳಲ್ಲಿ ನಾನೇ ಕರೆದೊಯ್ಯುತ್ತಿದ್ದೆ. ಹಿಂದೆ ಕೂತು ದಾರಿಯುದ್ದಕ್ಕೂ ಬೆರಳು ಮಡಿಸುತ್ತ ಪಾಪಗಳನ್ನು ಒಪ್ಪಿಸುವರು. ಎದುರಿನ ಲಾರಿಯವನಿಗೆ ನಾನು ಬೈದರೆ, "ಅದನ್ನ ನಿನ್ನ ಲೆಕ್ಕಕ್ಕೆ ಹಾಕ್ಕೋ" ಎನ್ನುವರು.

ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಅವರ ತಂಗಿ ಲೂಸಿಯಮ್ಮ ಹರಿಹರದಲ್ಲೇ, ಚರ್ಚಿನಿಂದ ಕೂಗಳತೆಯ ದೂರದಲ್ಲಿ, ತವರುಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಟೀಚರ್ ಕ್ರಿಸ್‌ಮಸ್ಸಿಗೆ ಒಮ್ಮೆ ಕೇಕ್ ಕೊಟ್ಟು ಬಾಗಿಲಲ್ಲೇ ತಿರುಗುವರು, ಅಷ್ಟೇ.

ಎರಡು ವರ್ಷದ ಹಿಂದೆ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಟೀಚರ್ ಪಾಪನಿವೇದನೆಯಿಂದ ಹೊರಬಂದು ಅಂಗಳದ ಕಲ್ಲುಬೆಂಚಿನ ಮೇಲೆ ಕೂತರು. ನೀರು ಕುಡಿದು, ನಾನು ಕೇಳದಿದ್ದರೂ ಹೇಳಿದರು. ಲೂಸಿಗೆ ಇಪ್ಪತ್ತೆಂಟಿರುವಾಗ ಶಿವಮೊಗ್ಗದ ಮೇಷ್ಟ್ರೊಬ್ಬರ ಸಂಬಂಧ ನಿಶ್ಚಯವಾಗಿತ್ತು. ತಾಯಿ ಹಾಸಿಗೆ ಹಿಡಿದಿದ್ದರು. ಲೂಸಿ ಹೋದರೆ ತಾಯಿಯನ್ನು ನೋಡಿಕೊಳ್ಳುವ ಭಾರ ತಮಗೆ ಬರುತ್ತದೆಂದು ಹೆದರಿ, ಟೀಚರ್ ಗಂಡಿನ ಮನೆಗೆ ಹೆಸರಿಲ್ಲದ ಕಾಗದ ಬರೆದರು. ಲೂಸಿಗೆ ಮೂರ್ಛೆರೋಗ ಇದೆ ಎಂದು. ಇದ್ದದ್ದು ಮೂರು ವರ್ಷದ ಮಗುವಾಗಿದ್ದಾಗ ಜ್ವರದಲ್ಲಿ ಒಮ್ಮೆ ಬಂದ ಫಿಟ್ಸ್. ಮದುವೆ ಮುರಿಯಿತು.

ಬದಲಾಗಿ ಬಂದ ಫಾದರ್‌ಗಳಿಗೆಲ್ಲ ಇದನ್ನು ಹೇಳಿದ್ದರಂತೆ. ಎಲ್ಲರೂ ಪ್ರಾರ್ಥನೆ ಹೇಳಲು ತಿಳಿಸಿ ಕಳಿಸಿದ್ದರು. ಈ ಹೊಸ ಫಾದರ್ ಮಾತ್ರ, ದೇವರು ಇದನ್ನು ಕೇಳಿಸಿಕೊಂಡು ಎಷ್ಟೋ ವರ್ಷವಾಯಿತು, ಕೇಳಿಸಿಕೊಳ್ಳಬೇಕಾದವರು ಇನ್ನೊಬ್ಬರಿದ್ದಾರಲ್ಲ ಎಂದಿದ್ದರು.

"ತರಕಾರಿಯವನ ಹಿಂದೆ ಓಡಿದೆ ನೋಡು, ತಂಗಿ ಹತ್ರ ಹೋಗಾಕೆ ಕಾಲು ಬರ್ಲಿಲ್ಲ" ಎಂದರು ಟೀಚರ್.

ಮರುದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿ ಹೋದೆವು. ಲೂಸಿಯಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ಟೀಚರ್ ನಿಂತೇ ಎಲ್ಲ ಹೇಳಿದರು. ತುರಿಯುವ ಸದ್ದು ನಿಂತಿತು.

"ಗೊತ್ತೈತಕ್ಕ" ಎಂದರು ಲೂಸಿಯಮ್ಮ. "ಆ ಕಾಗದ ಗಂಡಿನ ಕಡೆಯವರೇ ತಂದು ಅವ್ವನ ಕೈಗೆ ಕೊಟ್ಟಿದ್ರು. ಅಷ್ಟು ದುಂಡಗೆ ಈ ಸೀಮೆಯಾಗೆ ಇನ್ಯಾರು ಬರೀತಾರೆ?"

"ಮತ್ತೆ ನೀನು ಯಾಕ ಕೇಳ್ಲಿಲ್ಲ?"

"ನೀನು ಯಾಕ ಹೇಳ್ಲಿಲ್ಲ?"

ಟೀಚರ್ ಕೈಮುಗಿದರು. ಲೂಸಿಯಮ್ಮ ತುರಿಯನ್ನು ತಟ್ಟೆಗೆ ಒಟ್ಟುಮಾಡಿದರು. "ಈವತ್ತು ಆಗಂಗಿಲ್ಲ. ಬರೋ ಭಾನುವಾರ ಬಾ, ನೋಡೋಣ. ಈಗ ಊಟಕ್ಕೆ ಕೂಡು."

ಹೀಗೆ ಶುರುವಾದದ್ದು ಒಂದೂವರೆ ವರ್ಷ ನಡೆಯಿತು. ಪ್ರತಿ ಭಾನುವಾರ ಟೀಚರ್ ಹೋಗಿ ಕ್ಷಮಿಸಿದೆಯಾ ಎಂದು ಕೇಳುವರು, ಲೂಸಿಯಮ್ಮ ಇನ್ನೂ ಇಲ್ಲ ಎಂದು ಮೀನುಸಾರು ಬಡಿಸುವರು. ಊಟವಾದ ಮೇಲೆ ಹಳೆಯ ಫೋಟೋ ತೆಗೆದು, ಅದರಲ್ಲಿ ಅಳುತ್ತಿರುವ ಮಗು ಯಾರೆಂದು ಇಬ್ಬರೂ ಜಗಳಾಡುವರು. ಒಮ್ಮೆ ಕೊಂಡಜ್ಜಿ ಕೆರೆ ನೋಡಲು ಆಟೋದಲ್ಲಿ ಹೋಗಿಬಂದರು. ಶನಿವಾರದ ಪಾಪಗಳ ಪಟ್ಟಿ ಚಿಕ್ಕದಾಗುತ್ತ ಬಂತು. ಫಾದರ್ ಒಮ್ಮೆ, ತಿಂಗಳಿಗೊಮ್ಮೆ ಬಂದರೂ ಸಾಕು ಟೀಚರ್ ಎಂದರಂತೆ.

ಆಮೇಲೆ ಟೀಚರ್ ಹೃದಯದ ತೊಂದರೆಯಿಂದ ಹಾಸಿಗೆ ಹಿಡಿದರು. ಎರಡು ಭಾನುವಾರ ಹೋಗಲಾಗಲಿಲ್ಲ. ಮೂರನೆಯದಕ್ಕೆ ಲೂಸಿಯಮ್ಮನೇ ಬಸ್ಸು ಹತ್ತಿ ಬಂದರು. ಹಾಸಿಗೆಯ ಅಂಚಿಗೆ ಕೂತು, ಸೆರಗಿನ ತುದಿ ತಿರುಚುತ್ತ, "ಅಕ್ಕ, ನಾನು ಎರಡನೇ ವಾರನೇ ಕ್ಷಮಿಸಿದ್ದೆ. ಹೇಳಿದ್ರೆ ನೀನು ಬರೋದು ಬಿಡ್ತೀ ಅಂತ ಹೇಳ್ಲಿಲ್ಲ" ಎಂದರು.

ಟೀಚರ್ ದಿಂಬಿನಿಂದ ತಲೆಯೆತ್ತಿದರು. "ಇಷ್ಟು ವಾರ ನನ್ನ ಸತಾಯ್ಸಿದ್ಯಾ? ಅದಕ್ಕೀಗ ನೀನು ಕ್ಷಮೆ ಕೇಳು."

ಲೂಸಿಯಮ್ಮ ಕೇಳಿದರು.

"ಕ್ಷಮಿಸೀನಿ. ನಿನ್ನಂಗೆ ಕಾಯ್ಸಾಕೆ ನನಗೆ ಪುರುಸೊತ್ತಿಲ್ಲ" ಎಂದು ಟೀಚರ್ ಕಣ್ಣು ಮುಚ್ಚಿ ನಕ್ಕರು. ಗುರುವಾರ ಬೆಳಿಗ್ಗೆ ತೀರಿಕೊಂಡರು.

ಸಮಾಧಿಯ ಕೆಲಸವೆಲ್ಲ ಮುಗಿದ ಮೇಲಿನ ಭಾನುವಾರ ನಾನು ಹರಿಹರಕ್ಕೆ ಹೋದೆ. ಲೂಸಿಯಮ್ಮ ರೂಢಿಯಂತೆ ಮೀನುಸಾರು ಮಾಡಿಟ್ಟಿದ್ದರು. ನಾನು ಮೀನು ತಿನ್ನುವವಳಲ್ಲ ಎಂಬುದು ಆಗಷ್ಟೇ ನೆನಪಾಗಿ, ಪೇಚಾಡಿಕೊಂಡು ನನಗೆ ಮೊಸರನ್ನ ಕಲಸಿದರು. ತಮಗೆ ಒಂದು ತುಂಡು ಹಾಕಿಕೊಂಡರು. ತಲೆಯ ಭಾಗ ಟೀಚರಿಗೆ ಇಷ್ಟವಂತೆ. ಅದನ್ನು ಮುಟ್ಟದೆ ಹಾಗೇ ಪಾತ್ರೆಯಲ್ಲಿ ಬಿಟ್ಟು ಮುಚ್ಚಳ ಮುಚ್ಚಿದರು.